ನೀರಿನ ಅಂಚಿನಿಂದ ನೂರು ಮಾರು

೫ ನವೆಂಬರ್ ೧೯೭೯

ಹೊನ್ನಾಳಿಯ ಡಾಕ್ಟರು ನನ್ನ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ, "ದಿನಕ್ಕೆ ಎಷ್ಟು ಬೀಡಿ?" ಅಂದರು. ಎಂಟೋ ಹತ್ತೋ ಅಂದೆ. "ಬಾಯಿಲೆಕ್ಕ ಬ್ಯಾಡ್ರೀ. ಒಂದು ನೋಟುಬುಕ್ ಇಟ್ಕೊಂಡು ದಿನಾ ಬರೀರಿ. ಮುಂದಿನ ಸಲ ಬರುವಾಗ ತಗೊಂಡು ಬರ್ರಿ" ಅಂದರು. ನನ್ನ ಮುಖ ನೋಡಿಯೇ ಸುಳ್ಳು ಅಂತ ಗೊತ್ತಾಗಿರಬೇಕು. ಇರಲಿ. ಪಂಚಾಯ್ತಿ ಸೆಕ್ರೆಟರಿಗೆ ಬರೆಯುವುದು ಬಿಟ್ಟು ಬೇರೇನು ಬರುತ್ತದೆ? ಅದಕ್ಕೇ ಈ ಪುಸ್ತಕ. ಬೀಡಿಯ ಜೊತೆ ನಾಲ್ಕು ಮಾತು ಹೆಚ್ಚು ಬರೆದರೆ ಡಾಕ್ಟರೇನೂ ಜಗಳಕ್ಕೆ ಬರುವುದಿಲ್ಲ.

ನಾನು ಜಗಳೂರು ಕಡೆಯವನು, ಹೊಳೆಯೇ ಕಾಣದ ಬರದ ಸೀಮೆ. ಚನ್ನಗಿರಿ ತಾಲ್ಲೂಕಿನಲ್ಲಿ ಆರು ವರ್ಷ ಕೆಲಸ ಮಾಡಿ, ದಸರಾ ಮುಗಿಯುತ್ತಲೇ ಈ ಹೊಳೆದಂಡೆಯ ಊರಿಗೆ ವರ್ಗವಾಗಿ ಬಂದೆ. ಸಾಸ್ವೆಹಳ್ಳಿಯಿಂದ ಮೂರು ಮೈಲಿ. ಮಗಳು ಎಸ್ಸೆಸ್ಸೆಲ್ಸಿ, ಅದಕ್ಕೇ ಹೆಂಡತಿ ಕಸ್ತೂರಿ ಅವಳ ಜೊತೆ ಜಗಳೂರಲ್ಲೇ ಉಳಿದಳು. ನಾನು ಇಲ್ಲಿ ಸರ್ವಮಂಗಳಮ್ಮನವರ ಮನೆಯ ಹೊರಕೋಣೆಯಲ್ಲಿ ಒಬ್ಬನೇ. ಆಕೆ ಅರವತ್ತು ದಾಟಿದ ವಿಧವೆ, ಲಿಂಗಪೂಜೆಯಾಗದೆ ಹನಿ ನೀರು ಮುಟ್ಟುವವರಲ್ಲ. ನಾನು ಟ್ರಂಕು ಇಳಿಸುತ್ತಿದ್ದ ಹಾಗೇ, "ನಮ್ಮನೇಲಿ ಬೀಡಿಗೀಡಿ ನಡೆಯಂಗಿಲ್ಲ ನೋಡಪ್ಪ" ಅಂದರು. ಕೊರಳಲ್ಲಿ ಲಿಂಗ ಇಟ್ಟುಕೊಂಡೇ, "ಛೆ, ನನಗೆ ಆ ಚಟ ಇಲ್ಲಮ್ಮ" ಅಂದೆ.

ಆಫೀಸಿನಲ್ಲೂ ಆಗುವುದಿಲ್ಲ. ಛೇರ್ಮನ್ ಷಣ್ಮುಖಪ್ಪನವರು ನಮ್ಮಪ್ಪನ ವಾರಿಗೆಯವರು, ಅವರ ಎದುರಿಗೆ ಬೀಡಿ ಹಚ್ಚಲು ಕೈ ಬರುವುದಿಲ್ಲ. ನನಗೆ ಉಳಿದದ್ದು ಒಂದೇ ಜಾಗ, ಹೊಳೆದಂಡೆಯ ಮೇಲಿನ ಹೊಂಗೆ ಮರ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದರ ಬುಡಕ್ಕೆ ಹೋಗಿ ಕೂರುತ್ತೇನೆ. ನೀರು ನೋಡುತ್ತಾ ಸೇದುವ ಸುಖ ಜಗಳೂರಿನವನಿಗೇ ಗೊತ್ತು.

ಬೀಡಿ: ಹದಿನೆಂಟು.

೧೯ ನವೆಂಬರ್

ಇವತ್ತು ಒಬ್ಬ ಹೆಂಗಸು ಬಂದು ನನ್ನ ಮೇಜಿನ ಮೇಲೆ ಒಂದು ಪುಟ್ಟಿ ಗಾಜಿನ ಚೂರು ಸುರಿದಳು. ಕೆಳಗೆ ಜನನ-ಮರಣ ರಿಜಿಸ್ಟರು ಬಿಚ್ಚಿಕೊಂಡೇ ಇತ್ತು.

"ಏನಿದು?" ಅಂದೆ.

"ನಮ್ಮ ಹೊಳೆ ಬೆಳೆ ಸ್ವಾಮಿ. ಈ ಸಲ ಚೆನ್ನಾಗಿ ಬಂದೈತೆ."

ಹೆಸರು ದುರುಗಮ್ಮ. ಹರಿಗೋಲು ಹಾಕುವ ದಾಸಪ್ಪನ ಹೆಂಡತಿ. ನಲವತ್ತು ದಾಟಿರಬಹುದು. ಕೂರು ಅಂದರೆ ಕೂರಲಿಲ್ಲ, ಹೋಗು ಅಂದರೆ ಹೋಗಲಿಲ್ಲ. ರಸ್ತೆಯ ಮೇಲಿನ ಸಾರಾಯಿ ಅಂಗಡಿಯಿಂದ ಬಾಟಲಿ ತಂದು ಗಂಡಸರು ಹೊಳೆಯ ಮರಳಲ್ಲಿ ಕುಡಿಯುತ್ತಾರಂತೆ. "ನೆಟ್ಟಗಿರೋ ಬಾಟ್ಲಿ ಅಂಗಡಿಗೆ ವಾಪಸ್ ಹೋಗ್ತಾವೆ. ಒಡೆದಿದ್ದು ನಮ್ಮ ಪಾಲಿಗೆ" ಅಂದಳು. ಬೇಸಿಗೆಯಲ್ಲಿ ಊರಿನವರೆಲ್ಲ ಕುಡಿಯುವುದು ಅದೇ ಮರಳಲ್ಲಿ ತೋಡಿದ ಒರತೆಯ ನೀರು. ಊರ ಬಾವಿಯ ನೀರು ಸವುಳು, ಅದರಲ್ಲಿ ಬೇಳೆ ಬೇಯುವುದಿಲ್ಲ. ಇದು ನನಗೂ ಗೊತ್ತು, ಸರ್ವಮಂಗಳಮ್ಮ ದಿನಕ್ಕೆ ಎರಡು ಸಲ ಹೇಳುತ್ತಾರೆ.

"ಗುದ್ದಲಿ ತಗೊಂಡು ತೋಡಬಾರದೇನು? ಕೈ ಯಾಕೆ ಹಾಕ್ತೀರಿ?" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾವೂರು ಸ್ವಾಮಿ ನಿಮ್ದು? ಗುದ್ದಲಿ ಹಾಕಿದ್ರೆ ರಾಡಿ ಏಳ್ತೈತೆ. ವರ್ತಿ ಕೈಯಾಗೇ ತೋಡಬೇಕು. ಅದಕ್ಕೇ ಹೇಳಾಕೆ ಬಂದಿದ್ದು. ಉಸುಕಿನಾಗೆ ಯಾರೂ ಕುಡೀಬಾರದು, ಬೀಡಿ ಸೇದಬಾರದು. ಒಂದು ರೂಲು ಮಾಡ್ರಿ."

"ರೂಲಿಗೆ ಮೀಟಿಂಗು ಬೇಕು. ಮೀಟಿಂಗಿಗೆ ಕೋರಂ ಬೇಕು."

"ಅವನ್ನೂ ಮಾಡ್ರಿ" ಅಂದು ಖಾಲಿ ಪುಟ್ಟಿ ಸೊಂಟಕ್ಕಿಟ್ಟುಕೊಂಡು ಹೊರಟೇಹೋದಳು.

ಬಾಟಲಿ ಸರಿ. ಬೀಡಿ ಯಾರ ಕಾಲು ಕುಯ್ದಿದೆ? ತುಂಡು ಬೀಡಿ ಒರತೆಯಲ್ಲಿ ತೇಲುತ್ತವಂತೆ, ಕೊಡಕ್ಕೆ ಬರುತ್ತವಂತೆ. ಬಂದರೆ ಎತ್ತಿ ಎಸೆಯಬೇಕಪ್ಪ. ಎಂಥಾ ಜೋರಿನ ಹೆಂಗಸು. ಗಾಜು ಗುಡಿಸುವಾಗ ರಿಜಿಸ್ಟರಿನ ಒಂದು ಹಾಳೆ ಹರಿಯಿತು.

ಬೀಡಿ: ಹದಿನಾರು. ಹೊತ್ತೆಲ್ಲ ಅವಳೇ ತಿಂದಳು, ಇಲ್ಲದಿದ್ದರೆ ಇನ್ನೂ ಎರಡು ಆಗುತ್ತಿತ್ತು.

೩ ಡಿಸೆಂಬರ್

ಮೀಟಿಂಗು ಆಯಿತು. ದುರುಗಮ್ಮ ಹದಿನಾಲ್ಕು ದಿನವೂ ಆಫೀಸಿನ ಬಾಗಿಲಿಗೆ ಬಂದು ನಿಂತಿದ್ದರಿಂದ ಷಣ್ಮುಖಪ್ಪನವರಿಗೆ ಬೇರೆ ದಾರಿ ಇರಲಿಲ್ಲ. ಸಾರಾಯಿ ಅಂಗಡಿ ಮೆಂಬರ್ ನಾಗೇಂದ್ರಪ್ಪನ ಭಾವಮೈದುನನದು. ಈ ಮನುಷ್ಯ ಅಡ್ಡಗಾಲು ಹಾಕಿಯೇ ಹಾಕುತ್ತಾನೆ ಅಂದುಕೊಂಡಿದ್ದೆ. ಅವನು ನಕ್ಕು, "ಆಗಲಿ ಬಿಡ್ರಿ, ಹೆಣ್ಮಕ್ಳು ಕೇಳ್ತಾರೆ" ಅಂದ.

ಠರಾವು ಬರೆಯುವುದು ನನ್ನ ಕೆಲಸ. ಎಲ್ಲಿಂದ ಎಲ್ಲಿಗೆ ಅನ್ನುವ ಪ್ರಶ್ನೆ ಬಂತು. ನನಗೆ ನನ್ನ ಹೊಂಗೆ ಮರದ ಚಿಂತೆ. ಇಡೀ ದಂಡೆ ಅಂತ ಬರೆದರೆ ಮರವೂ ಹೋಯಿತು. ತಲೆ ಕೆರೆದುಕೊಂಡು, "ನೀರಿನ ಅಂಚಿನಿಂದ ನೂರು ಮಾರು ಅಂತ ಹಾಕೋಣವೇ?" ಅಂದೆ. ಮರ ಅದಕ್ಕಿಂತ ಸ್ವಲ್ಪ ಮೇಲಿದೆ ಅಂತ ನನ್ನ ಅಂದಾಜು.

ನಾಗೇಂದ್ರಪ್ಪ ನನ್ನ ಬೆನ್ನು ತಟ್ಟಿದ. "ನೋಡ್ರಿ, ಇದು ಓದಿದೋರ ತಲೆ. ಹಂಗೇ ಬರೀರಿ ಸೆಕ್ರೆಟ್ರಿಯವ್ರೆ." ಉಳಿದ ಮೆಂಬರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಒಪ್ಪಿದ ಹಾಗೆ ದಾಖಲಿಸಿದೆ. ತಪ್ಪಿದವರಿಗೆ ಐದು ರೂಪಾಯಿ ದಂಡ.

ಬಾಗಿಲಾಚೆ ನಿಂತಿದ್ದ ದುರುಗಮ್ಮನಿಗೆ ನಮ್ಮ ಮಾತು ಕೇಳಿಸುವಂತಿರಲಿಲ್ಲ. ಹೊರಗೆ ಬಂದು, ರೂಲು ಆಯಿತು ಅಂದೆ. ಎರಡೂ ಕೈ ಎತ್ತಿ ಮುಗಿದಳು. ನನಗೆ ಸ್ವಲ್ಪ ಮುಜುಗರವಾಯಿತು.

ಬೀಡಿ: ಹದಿನೇಳು.

೯ ಡಿಸೆಂಬರ್

ತಳವಾರನನ್ನು ಕರೆದುಕೊಂಡು ಹೋಗಿ ಅಳೆಸಿದೆ. ಅವನು ಎರಡೂ ಕೈ ಚಾಚಿ ಚಾಚಿ, ನೀರಿನ ಅಂಚಿನಿಂದ ಮಾರು ಹಾಕುತ್ತಾ ಬಂದ. ಮಕ್ಕಳೆಲ್ಲ ಹಿಂದೆ ಕೂಗಿಕೊಂಡು ಎಣಿಸಿದರು. ನೂರಕ್ಕೆ ಗೂಟ ಹೊಡೆದೆವು. ನನ್ನ ಮರ ನೂರಾ ಏಳರಲ್ಲಿದೆ. ಆ ಏಳು ಮಾರಿಗೆ ನಾನು ಯಾವ ದೇವರಿಗೆ ಕಾಯಿ ಒಡೆಸಲಿ?

ಬೋರ್ಡು ಬರೆಸಿದೆ: "ಇಲ್ಲಿ ಮದ್ಯಪಾನ, ಧೂಮಪಾನ ನಿಷೇಧಿಸಿದೆ." ಅದಕ್ಕೆ ಬೆನ್ನು ಹಾಕಿ, ಮರದ ಕೆಳಗೆ ಕೂತು ಸಾವಕಾಶವಾಗಿ ಸೇದಿದೆ.

ಬೀಡಿ: ಹತ್ತೊಂಬತ್ತು.

೨೨ ಡಿಸೆಂಬರ್

ಇವತ್ತು ಕಂಡದ್ದನ್ನು ಬರೆಯಲೇಬೇಕು.

ಮೂರು ವಾರದಿಂದ ಐದು ರೂಪಾಯಿ ಯಾರೂ ಕಟ್ಟಿಲ್ಲ. ಹಿಡಿಯುವವರು ಯಾರು? ತಳವಾರನೇ ಸಂಜೆಯಾದರೆ ಅಲ್ಲಿ ಗಿರಾಕಿ. ಈ ಬೆಳಿಗ್ಗೆ ದುರುಗಮ್ಮ ಗೂಟದ ಒಳಗೆ ಒಬ್ಬನನ್ನು ಹಿಡಿದಳು. ಯಾರನ್ನು? ಅವಳ ಗಂಡ ದಾಸಪ್ಪನನ್ನೇ. ಹರಿಗೋಲು ದಡಕ್ಕೆ ಎಳೆದು ಮರಳ ಮೇಲೆ ಕೂತು ಬೀಡಿ ಹಚ್ಚಿದ್ದನಂತೆ.

ನಾನು ಓಡಿಹೋದಾಗ ಅರ್ಧ ಊರು ಸೇರಿತ್ತು. ದಾಸಪ್ಪ ನನ್ನನ್ನು ನೋಡಿ, "ಬರ್ಕೊಳ್ರಿ ಸ್ವಾಮಿ ಐದು ರೂಪಾಯಿ. ಇವಳ ಹತ್ರಾನೇ ಇಸ್ಕೊಳ್ರಿ, ನನ್ನ ಜೇಬು ಇವಳ ಸೊಂಟದಾಗೈತೆ" ಅಂದ. ಜನ ನಕ್ಕರು.

ದುರುಗಮ್ಮ ನಗಲಿಲ್ಲ. ಮನೆಯಿಂದ ಜರಡಿ ತಂದು ಅವನ ಮುಂದಿಟ್ಟಳು. "ದಂಡದ ರೊಕ್ಕ ತಗೊಂಡು ಏನು ಮಾಡಾನ? ನೀನು ಕುಂತ ಜಾಗದ್ದು ಮೂರು ಪುಟ್ಟಿ ಉಸುಕು ಸೋಸು. ಗಾಜು, ತುಂಡು ಬೀಡಿ ಎಲ್ಲ ಆರಿಸಿ ಕೊಡು. ಆಮ್ಯಾಲೆ ಹರಿಗೋಲು ಬಿಡು." ಆಚೆ ದಡದಲ್ಲಿ ಜನ ಕಾಯುತ್ತಾ ಕೂಗುತ್ತಿದ್ದರು. ದಾಸಪ್ಪ ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ಜನರನ್ನು ನೋಡಿದ. ಆಮೇಲೆ ಕುಕ್ಕರಗಾಲಲ್ಲಿ ಕೂತು ಸೋಸಿದ. ಮೂರು ಪುಟ್ಟಿ, ಒಂದು ಹಿಡಿಯೂ ಕಡಿಮೆ ಇಲ್ಲ.

ನಾನು ಬರೆದ ದಂಡಕ್ಕಿಂತ ಅವಳ ದಂಡ ಮೇಲು. ಗಂಡನಿಂದ ಶುರು ಮಾಡಿದ ಮೇಲೆ ಇನ್ನು ಯಾರು ಮಾತಾಡುತ್ತಾರೆ? ಮಧ್ಯಾಹ್ನಕ್ಕೆ ತಳವಾರನೂ ಎರಡು ಪುಟ್ಟಿ ಸೋಸಿದ್ದ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ನಾನು ಬರೆದ ಯಾವ ಠರಾವೂ ಇಷ್ಟು ಚೆನ್ನಾಗಿ ನಡೆದದ್ದಿಲ್ಲ.

ಬೀಡಿ: ಹದಿಮೂರು.

೧೫ ಜನವರಿ ೧೯೮೦

ಸಂಕ್ರಾಂತಿ. ಊರಿನವರೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋದರು. ಸರ್ವಮಂಗಳಮ್ಮ ನನ್ನನ್ನೂ ಕರೆದುಕೊಂಡು ಹೋದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಹೋದ ವರ್ಷ ಮಕ್ಕಳಿಗೆ ಮರಳಿಗೆ ಇಳಿಯಬೇಡಿ ಅಂತ ಹೇಳಿ ಹೇಳಿ ಗಂಟಲು ಹರಿದಿತ್ತಂತೆ. ಈ ಸಲ ಮಕ್ಕಳೆಲ್ಲ ಬರಿಗಾಲಲ್ಲಿ ಓಡಿದವು, ಉರುಳಾಡಿದವು. ಒಂದು ಕಾಲಿಗೂ ಏನೂ ಆಗಲಿಲ್ಲ.

ದುರುಗಮ್ಮ ದೂರದಲ್ಲಿ ಒಬ್ಬಳೇ ಓಡಾಡುತ್ತಾ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಹಬ್ಬದ ದಿನವೂ ಕಾವಲು. ಒಂದು ಹೋಳಿಗೆ ಕೊಟ್ಟು ಬಂದೆ. "ರೂಲು ಮಾಡಿದೋರು ಚೆನ್ನಾಗಿರ್ಲಿ" ಅಂದಳು. ಹೋಳಿಗೆ ಕೊಡುವಾಗ ಖುಷಿಯಾಗಿದ್ದವನಿಗೆ ಆ ಮಾತು ಕೇಳಿ ಯಾಕೋ ಚುರುಕ್ ಅಂತು.

ಬೀಡಿ: ಹನ್ನೆರಡು.

೨೬ ಫೆಬ್ರವರಿ

ನನ್ನಂಥ ಮುಠ್ಠಾಳ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ.

ಕೆರೆ ಬತ್ತುವುದು ನನಗೆ ಗೊತ್ತು. ಚನ್ನಗಿರಿಯಲ್ಲಿ ನೋಡಿದ್ದೇನೆ. ಇದ್ದಲ್ಲೇ ಇದ್ದು, ಸುತ್ತ ಕುಗ್ಗಿ, ನಡುವೆ ಒಂದು ಗುಂಡಿಯಾಗಿ ಉಳಿಯುತ್ತದೆ. ಹೊಳೆಯೂ ಹಾಗೇ ಅಂದುಕೊಂಡಿದ್ದೆ. ಎರಡು ವಾರ ಜಗಳೂರಿಗೆ ರಜೆ ಹೋಗಿದ್ದೆ, ಬಂದು ನೋಡಿದರೆ ಹೊಳೆ ಈ ದಂಡೆ ಬಿಟ್ಟು ಆಚೆ ದಂಡೆಗೆ ಸರಿದು ಕೂತಿದೆ. ಒಂದೂವರೆ ಫರ್ಲಾಂಗು ಬರೀ ಮರಳು. ನೀರಿನ ಅಂಚಿನಿಂದ ನೂರು ಮಾರು ಎಳೆದರೆ ಗೆರೆ ಹೊಳೆಯ ನಡುವಿಗೆ ಬಂದು ನಿಲ್ಲುತ್ತದೆ. ಈಚೆಯ ಮರಳೆಲ್ಲ ರೂಲಿನ ಹೊರಗೆ.

ನಾಗೇಂದ್ರಪ್ಪ ಬೆನ್ನು ತಟ್ಟಿದ್ದು ಇದಕ್ಕೆ. ಈ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ವಿಷಯ ನನಗೊಬ್ಬನಿಗೇ ಗೊತ್ತಿರಲಿಲ್ಲ.

ಮತ್ತೆ ಅಲ್ಲೇ, ರೂಲಿನ ಹೊರಗಿನ ಆ ಮರಳಿನಲ್ಲೇ, ದುರುಗಮ್ಮ ವರ್ಷದ ಮೊದಲನೇ ಒರತೆ ತೋಡುತ್ತಿದ್ದಳು. ಹೆಂಗಸರೆಲ್ಲ ಕೊಡ ಹಿಡಿದು ಸುತ್ತ ನಿಂತಿದ್ದರು. ನಾನೂ ನಿಂತೆ. ಅವಳು ಮೊದಲು ಮರಳ ಮೇಲೆ ಅಂಗೈ ಊರಿ ಊರಿ ನಡೆದಳು, ತಂಪು ಹುಡುಕುವುದಂತೆ ಅದು. ಒಂದು ಕಡೆ ಮೊಣಕಾಲೂರಿ ಎರಡೂ ಕೈಯಲ್ಲಿ ಬಾಚತೊಡಗಿದಳು. ಒಂದು ಮೊಳ ಇಳಿದ ಮೇಲೆ ಮರಳು ಒದ್ದೆಯಾಯಿತು, ಇನ್ನೊಂದು ಗೇಣಿಗೆ ನೀರು ಜಿನುಗಿತು. ಕದಡಿದ್ದು ತಿಳಿಯಾಗುವವರೆಗೆ ಯಾರೂ ಮಾತಾಡಲಿಲ್ಲ. ಮೊದಲನೇ ಕೊಡ ತೋಡಿದವರದು, ಛೇರ್ಮನ್ನರ ಮನೆಯವರು ಬಂದರೂ ಕಾಯಬೇಕು. ಇದು ಇಲ್ಲಿನ ಪದ್ಧತಿ.

ಅವಳು ನನಗೂ ಒಂದು ಚಿಪ್ಪಿನಲ್ಲಿ ಕೊಟ್ಟು, "ಹೆಂಗೈತೆ? ಸಿಹಿ ಐತಲ್ಲ?" ಅಂದಳು. ಸಿಹಿ ಅಂದೆ. ನಿಜ ಹೇಳಬೇಕೆಂದರೆ ನನಗೆ ಏನೂ ಗೊತ್ತಾಗಲಿಲ್ಲ. ನೀರು ನೀರಿನ ಹಾಗಿತ್ತು.

ಜಗಳೂರಿನಲ್ಲಿ ನಮ್ಮವ್ವ ಒಂದೂವರೆ ಮೈಲಿ ನಡೆದು ನೀರು ತರುತ್ತಿದ್ದಳು. ಅವಳು ಇದ್ದಿದ್ದರೆ ಈ ಕೈಗಳನ್ನು ನೋಡಿ ಏನನ್ನುತ್ತಿದ್ದಳೋ.

ಬೀಡಿ: ಒಂಬತ್ತು.

೩ ಮಾರ್ಚ್

ಕುಡಿಯುವವರು ವಾಪಸು ಬಂದರು. ದುರುಗಮ್ಮ ಜರಡಿ ಹಿಡಿದು ಹೋದರೆ, ನಾಗೇಂದ್ರಪ್ಪನ ಕಡೆಯವರು, "ಠರಾವು ಓದ್ಕೊಂಡು ಬಾರವ್ವ, ನೀರು ಅಲ್ಲೈತೆ, ನಾವು ಇಲ್ಲಿದ್ದೀವಿ" ಅಂದರಂತೆ. ಅವಳು ನೇರ ನನ್ನ ಹತ್ತಿರ ಬಂದಳು. ಬೈಯಲಿಲ್ಲ. "ಹಿಂಗ್ಯಾಕೆ ಬರೆದ್ರಿ ಸ್ವಾಮಿ?" ಅಂತ ಒಂದೇ ಮಾತು ಕೇಳಿದಳು. ನಾನು ಜಗಳೂರಿನವನು, ಹೊಳೆ ಸರಿಯುವುದು ಗೊತ್ತಿರಲಿಲ್ಲ ಅಂದೆ. ಅದು ಅರ್ಧ ನಿಜ. ಅವಳು ನಂಬಿದಳು.

ಸಂಜೆ ನಾಗೇಂದ್ರಪ್ಪನನ್ನು ಕಂಡು, ಠರಾವು ತಿದ್ದಬೇಕು ಅಂದೆ. ಅವನು ನನ್ನ ಹೆಗಲ ಮೇಲೆ ಕೈ ಹಾಕಿದ. "ತಿದ್ದಾನ ಬಿಡ್ರಿ. ನೂರೇ ಮಾರು ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀರಿ? ಹೊಂಗೆ ಮರದ ಬುಡದಾಗೆ ಏನು ಬಿದ್ದೈತೆ ಅಂತ ಸರ್ವಮಂಗಳಮ್ಮೋರಿಗೆ ತೋರಿಸ್ಲೇನು?"

ಎದ್ದು ಬಂದೆ. ಮನೆ ಬಿಡಿಸಿದರೆ ಈ ಊರಿನಲ್ಲಿ ಬೇರೆ ಕೋಣೆ ಇಲ್ಲ. ಅದಕ್ಕಿಂತ, ಆ ಮುದುಕಿಯ ಮುಂದೆ ಸುಳ್ಳುಗಾರನಾಗಿ ಹೇಗೆ ನಿಲ್ಲುವುದು?

ಬೀಡಿ: ಹದಿನೈದು.

೧೧ ಮಾರ್ಚ್

ದುರುಗಮ್ಮನ ಕೈ ಹೋಯಿತು.

ಹಳೇ ಒರತೆ ರಾಡಿಯಾಗಿತ್ತಂತೆ, ಪಕ್ಕದಲ್ಲಿ ಹೊಸದು ತೋಡುತ್ತಿದ್ದಳು. ಒಂದು ಮೊಳ ಕೆಳಗೆ ಒಡೆದ ಬಾಟಲಿಯ ಬುಡ. ಬಲಗೈಯಲ್ಲಿ ಜೋರಾಗಿ ಬಾಚಿದ್ದಾಳೆ, ಅಂಗೈ ಅಡ್ಡಕ್ಕೆ ಸೀಳಿದೆ. ದಾಸಪ್ಪ ಆಚೆ ದಡದಲ್ಲಿದ್ದ. ಮರಳಿನಿಂದ ಹೆಂಗಸರು ಕೂಗಿಕೊಂಡದ್ದು ಆಫೀಸಿಗೆ ಕೇಳಿತು. ನನ್ನ ಟವೆಲು ಸುತ್ತಿ, ಹೊನ್ನಾಳಿ ಬಸ್ಸು ಹತ್ತಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಒಂದು ಸಲವೂ ಅಯ್ಯೋ ಅನ್ನಲಿಲ್ಲ. ಸಾಸ್ವೆಹಳ್ಳಿ ದಾಟುವಾಗ, "ವರ್ತಿಗೆ ರಕ್ತ ಬಿತ್ತು. ಆ ನೀರು ಯಾರೂ ತುಂಬಬಾರದು ಅಂತ ಹೇಳ್ಬೇಕಿತ್ತು, ಮರೆತೆ" ಅಂದಳು.

ನನ್ನ ಡಾಕ್ಟರೇ ಹೊಲಿಗೆ ಹಾಕಿದರು. ಹನ್ನೊಂದು ಹೊಲಿಗೆ. ನರ ಹರಿದಿದೆ, ಎರಡು ಬೆರಳು ಇನ್ನು ಮಡಚುವುದು ಅನುಮಾನ ಅಂತ ನನ್ನನ್ನು ಹೊರಗೆ ಕರೆದು ಹೇಳಿದರು. ಆಮೇಲೆ, "ನಿಮ್ಮ ಪುಸ್ತಕ ಎಲ್ರೀ?" ಅಂದರು. ತಂದಿಲ್ಲ ಅಂದೆ.

ವಾಪಸು ಬರುವಾಗ ಕತ್ತಲಾಗಿತ್ತು. ಬಸ್ಸು ಇಳಿದು ಅವಳು, "ನಿಮ್ಮ ಟವೆಲು ಹಾಳಾತು, ಒಗೆದು ಕೊಡ್ತೀನಿ" ಅಂದಳು. ಯಾವ ಕೈಯಲ್ಲಿ ಒಗೆಯುತ್ತಾಳೆ?

ಆ ಏಳು ಮಾರು. ನನ್ನ ಏಳು ಮಾರು.

೧೨ ಮಾರ್ಚ್

ಊಟ ಸೇರಲಿಲ್ಲ. ಮರದ ಹತ್ತಿರ ಹೋಗಿ ಹಚ್ಚಿದೆ, ಅರ್ಧಕ್ಕೆ ಎಸೆದೆ. ಎಸೆದದ್ದನ್ನು ಹುಡುಕಿ ಎತ್ತಿ ಜೇಬಿನಲ್ಲಿ ಹಾಕಿಕೊಂಡು ಬಂದೆ.

ಬೀಡಿ: ಅರ್ಧ.

೧೭ ಮಾರ್ಚ್

ಮೀಟಿಂಗು ಕರೆಸಿದೆ. ವಿಷಯ ಒಂದೇ, ಠರಾವಿನ ತಿದ್ದುಪಡಿ.

ಈ ಸಲ ಹೆಂಗಸರು ಬಾಗಿಲಾಚೆ ನಿಲ್ಲಲಿಲ್ಲ. ಮೂವತ್ತು ಜನ ಒಳಗೇ ಬಂದು ಗೋಡೆಗೊರಗಿ ಕೂತರು. ಎಲ್ಲರಿಗಿಂತ ಮುಂದೆ ಸರ್ವಮಂಗಳಮ್ಮ. "ಬೇಳೆ ಬೇಯಬೇಕಲ್ಲಪ್ಪ, ನಾನೂ ಬಂದೆ" ಅಂದರು. ದುರುಗಮ್ಮ ಕಟ್ಟು ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

ನಾಗೇಂದ್ರಪ್ಪ ಎದ್ದ. "ಠರಾವು ಆಗಿ ನಾಲ್ಕು ತಿಂಗಳಾಗಿಲ್ಲ. ದಿನಕ್ಕೊಂದು ರೂಲು ಮಾಡಾಕೆ ಇದೇನು ಮಕ್ಕಳಾಟನಾ? ನೂರು ಮಾರು ಅಂದಿದ್ದು ಸೆಕ್ರೆಟ್ರಿಯವ್ರೇ. ಯಾಕೆ ಅಂದ್ರು ಅಂತ ಅವರನ್ನೇ ಕೇಳ್ರಿ." ಹೇಳಿ ನನ್ನ ಕಡೆ ನೋಡಿ ನಕ್ಕ.

ಮೇಜು ಹಿಡಿದುಕೊಂಡು ನಿಂತೆ. ಏನು ಹೇಳಿದೆ ಅಂತ ನೆನಪಿರುವಷ್ಟು ಬರೆಯುತ್ತೇನೆ. "ನಾನು ಬೀಡಿ ಸೇದುತ್ತೇನೆ. ಹೊಂಗೆ ಮರದ ಕೆಳಗೆ ಸೇದುತ್ತೇನೆ. ಆ ಮರ ರೂಲಿನ ಹೊರಗೆ ಉಳಿಯಲಿ ಅಂತ ನೂರು ಮಾರು ಅಂದೆ. ಹೊಳೆ ಸರಿಯುವುದು ಗೊತ್ತಿರಲಿಲ್ಲ, ಆದರೆ ಮರ ಉಳಿಸಿಕೊಂಡದ್ದು ಗೊತ್ತಿದ್ದೇ. ಈ ಅಮ್ಮನ ಕೈ ಹೋದದ್ದು ನನ್ನಿಂದ. ಸರ್ವಮಂಗಳಮ್ಮನವರಿಗೂ ಸುಳ್ಳು ಹೇಳಿದ್ದೇನೆ."

ನಾನು ನೆಲ ನೋಡುತ್ತಿದ್ದೆ. ಷಣ್ಮುಖಪ್ಪನವರು, "ಈಗ ಹೆಂಗೆ ಬರೀಬೇಕು ಅಂತೀರಿ?" ಅಂದರು. ಅವರು ಕೇಳಿದ್ದು ನನ್ನನ್ನಲ್ಲ, ದುರುಗಮ್ಮನವರನ್ನು.

ದುರುಗಮ್ಮನವರು ಕೂತಲ್ಲಿಂದಲೇ ಹೇಳಿದರು. "ನೀರು ಎಲ್ಲಿಗೆ ಬೇಕಾದ್ರೂ ಹೋಗ್ಲಿ ಸ್ವಾಮಿ. ಒಗೆಯೋ ಕಲ್ಲಿಂದ ಹೊಂಗೆ ಮರದ ತನಕ, ಈ ದಂಡೆಯಿಂದ ಆ ದಂಡೆಗೆ, ಉಸುಕು ಇರೋವಷ್ಟೂ. ದಂಡ ಮೂರು ಪುಟ್ಟಿ."

ಅದನ್ನೇ ಬರೆದೆ. ಒಂದು ಅಕ್ಷರ ನನ್ನದಿಲ್ಲ. ಕೊನೆಗೆ "ಹೊಂಗೆ ಮರವೂ ಸೇರಿದಂತೆ" ಅನ್ನುವುದನ್ನು ಮಾತ್ರ ನಾನು ಹಾಕಿದೆ. ಕೈ ಎತ್ತುವಾಗ ನಾಗೇಂದ್ರಪ್ಪ ಒಬ್ಬನೇ ಉಳಿದ. ಮೂವತ್ತು ಹೆಂಗಸರು ಅವನನ್ನೇ ನೋಡುತ್ತಿದ್ದರು. ಕೊನೆಗೆ ಅವನೂ ಎತ್ತಿದ.

ನಾನು ಬರೆದದ್ದನ್ನು ಓದಿ ಹೇಳಿದೆ. ಅಕ್ಷರ ಬಾರದ ಈ ತಾಯಿಯಿಂದ ಠರಾವು ಬರೆಯುವುದನ್ನು ಕಲಿಯಬೇಕಾಯಿತು. ನಾಚಿಕೆ ಆಗಬೇಕಿತ್ತು, ಹೆಮ್ಮೆಯಾಯಿತು.

೧೮ ಮಾರ್ಚ್

ಬೆಳಿಗ್ಗೆ ಟ್ರಂಕು ಕಟ್ಟಿ ಕೂತಿದ್ದೆ. ಸರ್ವಮಂಗಳಮ್ಮ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡೇ ಬಂದರು. ಎರಡು ತಾಮ್ರದ ಕೊಡ ತಂದು ನನ್ನ ಮುಂದಿಟ್ಟರು.

"ಆ ಟ್ರಂಕು ಯಾಕಪ್ಪ ಕಟ್ಟೀಯ? ದುರುಗಮ್ಮ ನನಗೆ ದಿನಾ ಎರಡು ಕೊಡ ವರ್ತಿ ನೀರು ತಂದುಕೊಡ್ತಿದ್ಲು. ಇನ್ನು ಆಕೆ ಕೈಲಿ ಆಗಲ್ಲ. ನೀನೇ ತಾ. ಹೊತ್ತು ಏರೋದರೊಳಗೆ ತಾ."

"ಅಮ್ಮ, ಬೀಡಿ..."

"ಕೇಳಿದೆನಪ್ಪ ನಿನ್ನೆ. ಇಡೀ ಊರೇ ಕೇಳೈತೆ. ಕೊಡ ತಗೋ."

ತಗೊಂಡೆ. ಬೀದಿಯಲ್ಲಿ ಸೆಕ್ರೆಟರಿ ಹೆಗಲ ಮೇಲೆ ಕೊಡ ನೋಡಿ ಜನ ಬಾಗಿಲಿಗೆ ಬಂದರು. ಒಬ್ಬಾಕೆ, "ಆಫೀಸಿಗೆ ಹೊಂಟ್ರೇನು ಸೆಕ್ರೆಟ್ರಿಯವ್ರೆ?" ಅಂದಳು. ಹೌದು ಅಂದೆ. ಒಂದು ಕೊಡ ಅರ್ಧ ಚೆಲ್ಲಿತು, ಮತ್ತೆ ಹೋಗಿ ತಂದೆ.

೨ ಏಪ್ರಿಲ್

ನನ್ನ ದಂಡ ತೀರಿಸಿದೆ. ಯಾರೂ ಹೇಳಲಿಲ್ಲ, ನಾನೇ ಜರಡಿ ಕೇಳಿ ತಂದು ಹೊಂಗೆ ಮರದ ಬುಡದಲ್ಲಿ ಕೂತೆ. ಮೂರು ಪುಟ್ಟಿ. ತುಂಡು ಬೀಡಿ ಎಷ್ಟು ಬಂದವು ಅಂತ ಎಣಿಸಲು ಹೋಗಿ ಮುನ್ನೂರಕ್ಕೆ ಬಿಟ್ಟೆ. ಮೂರು ವಾರದಿಂದ ಒಂದೂ ಹಚ್ಚಿಲ್ಲ, ಇಷ್ಟೆಲ್ಲ ಸೇದಿದವನು ಯಾವನೋ ಬೇರೆಯವನು ಅನ್ನಿಸಿತು.

ದುರುಗಮ್ಮನವರು ಪುಟ್ಟಿಯೊಳಗೆ ಕೈಯಾಡಿಸಿ ನೋಡಿ, "ಇನ್ನೊಂದು ಸಲ ಜಾಲಿಸ್ರಿ, ಸಣ್ಣವು ಉಳಿದಾವೆ" ಅಂದರು. ಬಿಡುವವರಲ್ಲ. ಮತ್ತೆ ಸೋಸಿದೆ. ದಾಸಪ್ಪ ಹರಿಗೋಲಿನಿಂದ, "ನಂದೂ ಹಿಂಗೇ ಆತು ಸ್ವಾಮಿ, ಬೆನ್ನು ಮೂರು ದಿನ ನೋಯ್ತೈತೆ" ಅಂತ ಕೂಗಿದ.

೨೦ ಏಪ್ರಿಲ್

ನಾಗೇಂದ್ರಪ್ಪನ ಭಾವಮೈದುನ ನಿನ್ನೆ ಸಂಜೆ ನಾಲ್ಕು ಜನರೊಂದಿಗೆ ಬಾಟಲಿ ಹಿಡಿದು ಮರಳಿಗೆ ಇಳಿದ. ಹೆಂಗಸರು ಜಗಳಕ್ಕೆ ಹೋಗಲಿಲ್ಲ. ದುರುಗಮ್ಮನವರು ಐದು ಜರಡಿ ತೆಗೆದುಕೊಂಡು ಹೋಗಿ ಅವರ ಮುಂದೆ ಸಾಲಾಗಿ ಇಟ್ಟು, ತಾವೂ ಎದುರಿಗೆ ಕೂತರು. ಉಳಿದವರೂ ಬಂದು ಕೂತರು. ಮಾತಿಲ್ಲ ಕತೆಯಿಲ್ಲ. ಕುಡಿಯಲಿ, ಮುಗಿಸಲಿ, ಆಮೇಲೆ ಸೋಸಲಿ ಅಂತ ಕಾದರು. ನಲವತ್ತು ಜನ ಹೆಂಗಸರ ಎದುರಿಗೆ ಯಾವ ಗಂಡಸಿಗೆ ಗಂಟಲಲ್ಲಿ ಇಳಿಯುತ್ತದೆ? ಮುಚ್ಚಳ ತೆಗೆಯದೆ ಎದ್ದು ಹೋದರು.

ನಾನು ಪೊಲೀಸರಿಗೆ ಕಾಗದ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅಲ್ಲೇ ಹರಿದೆ, ಚೂರುಗಳನ್ನು ಜೇಬಿಗೇ ಹಾಕಿಕೊಂಡೆ.

ದುರುಗಮ್ಮನವರು ಹೊಲಿಗೆ ಬಿಚ್ಚಿಸಿದ್ದಾರೆ. ಎರಡು ಬೆರಳು ಡಾಕ್ಟರು ಹೇಳಿದಂತೆಯೇ ಮಡಚುತ್ತಿಲ್ಲ. ಮುದ್ದೆ ಮುರಿಯಲು ಬರುವುದಿಲ್ಲ, ಎಡಗೈಯಲ್ಲಿ ಉಣ್ಣುತ್ತಾರಂತೆ. ಅದನ್ನು ಹೇಳುವಾಗಲೂ ನಗುತ್ತಾರೆ. ನನಗೆ ನಗು ಬರುವುದಿಲ್ಲ.

೪ ಮೇ

ಬೆಳಗಿನ ಜಾವ ಕೊಡ ತಗೊಂಡು ಹೋದರೆ ಒರತೆ ಪೂರ್ತಿ ಆರಿತ್ತು. ಮರಳ ಮೇಲೆ ಯಾರೂ ಬಂದಿರಲಿಲ್ಲ, ದುರುಗಮ್ಮನವರು ಒಬ್ಬರೇ ನಿಂತಿದ್ದರು. ಎಡಗೈಯನ್ನು ಮರಳ ಮೇಲೆ ಊರಿ ಊರಿ ಆಗಲೇ ಜಾಗ ಹುಡುಕಿದ್ದರು. ತೋಡಲು ಮೊಣಕಾಲೂರಿದರು, ಬಲಗೈ ಬಾಚಲಿಲ್ಲ. ಎಡಗೈ ಒಂದರಿಂದ ತೋಡಿದಷ್ಟೂ ಮರಳು ಜಾರಿ ಮತ್ತೆ ತುಂಬಿಕೊಳ್ಳುತ್ತಿತ್ತು. ಬಲಗೈಯನ್ನು ಮಡಿಲಿಗೆ ಎಳೆದುಕೊಂಡರು. ಇಪ್ಪತ್ತೈದು ವರ್ಷ ಈ ಊರಿಗೆ ನೀರು ತೋರಿಸಿದ ಕೈ ಅದು. ಅವರ ಕಣ್ಣಲ್ಲಿ ನೀರು ನಾನು ಅವತ್ತು ಬಸ್ಸಿನಲ್ಲೂ ಕಂಡಿರಲಿಲ್ಲ, ಇವತ್ತು ಕಂಡೆ.

"ನಾನು ತೋಡ್ತೀನಿ, ಹೇಳಿಕೊಡಿ" ಅಂದೆ.

"ಗಂಡಸ್ರು ವರ್ತಿ ತೋಡಿದ್ದು ನಾನು ನೋಡಿಲ್ಲ ಸ್ವಾಮಿ" ಅಂದರು. ಆಮೇಲೆ ಕಣ್ಣೊರೆಸಿಕೊಂಡು ಸರಿದು ಜಾಗ ಕೊಟ್ಟರು.

ಅವರು ಹೇಳಿದ ಹಾಗೆ ಮಾಡಿದೆ. ಬೆರಳು ಅಗಲ ಮಾಡಬಾರದು. ಅಂಚು ಸವರುತ್ತಾ ಇಳಿಯಬೇಕು. ಜಾರಿದರೆ ಅವಸರ ಮಾಡಬಾರದು. ಉಗುರಿನಲ್ಲೆಲ್ಲ ಮರಳು ಸೇರಿತು, ಮೊಣಕೈ ತನಕ ಕೈ ಇಳಿಯಿತು. ಒಂದು ಮೊಳ ಇಳಿದರೂ ಒಣ. ಬಿಡೋಣ ಅಂದೆ. "ಇನ್ನೊಂದು ಗೇಣು" ಅಂದರು. ಇಳಿದೆ. "ಇನ್ನೊಂದು ನಾಲ್ಕು ಬೆರಳು." ಅಷ್ಟರಲ್ಲಿ ಬೆರಳ ತುದಿಗೆ ತಣ್ಣಗೆ ತಗುಲಿತು. ಅಂಗೈ ಒದ್ದೆಯಾಯಿತು. ಎಲ್ಲಿಂದಲೋ ಬಂದು ಸುಮ್ಮನೆ ತುಂಬಿಕೊಳ್ಳತೊಡಗಿತು. ಒಂದು ಚೂರು ಗಾಜಿಲ್ಲ, ಒಂದು ತುಂಡು ಬೀಡಿಯಿಲ್ಲ. ಜ್ಯೋತಿಷಿ ಹೇಳಿದ್ದರೂ ನಂಬುತ್ತಿರಲಿಲ್ಲ, ಜಗಳೂರಿನವನ ಕೈಗೆ ನೀರು ಸಿಕ್ಕಿತು.

ತಿಳಿಯಾಗುವವರೆಗೆ ಇಬ್ಬರೂ ಮಾತಾಡಲಿಲ್ಲ. ಅಷ್ಟು ಹೊತ್ತಿಗೆ ಹೆಂಗಸರು ಬಂದು ಸುತ್ತ ನಿಂತಿದ್ದರು. ಮೊದಲನೇ ಕೊಡ ತುಂಬಿ ದುರುಗಮ್ಮನವರ ಮುಂದಿಟ್ಟೆ.

"ಅದು ಆಗಂಗಿಲ್ಲ" ಅಂದರು. "ಮೊದಲ್ನೇ ಕೊಡ ತೋಡಿದೋರದು. ಯಾರಿಗೂ ಕೊಡಂಗಿಲ್ಲ. ಕುಡೀರಿ."

ಎಲ್ಲರೂ ನೋಡುತ್ತಿದ್ದರು. ಬೊಗಸೆಯಲ್ಲಿ ಹಿಡಿದು ಕುಡಿದೆ. ಏನು ಹೇಳಲಿ, ಎಂಥಾ ಸಿಹಿ. ಎಳನೀರಿನ ಸಿಹಿಯಲ್ಲ, ಸಕ್ಕರೆಯದಲ್ಲ, ನೀರಿನದೇ ಒಂದು ಸಿಹಿ. ನಲವತ್ತಾರು ವರ್ಷಕ್ಕೆ ಇಂಥ ನೀರು ಕುಡಿದೆ. ಇನ್ನೊಂದು ಬೊಗಸೆ ಕುಡಿದೆ.

"ಇಲ್ಲಿ ತೋಡಿಸಿದ್ದು ಒಳ್ಳೆಯದಾಯಿತು" ಅಂದೆ. "ಹಳೇ ಒರತೆಯ ನೀರು ಸಪ್ಪೆ ಇತ್ತು. ಈ ಜಾಗದ ನೀರಿನ ರುಚಿಯೇ ಬೇರೆ."

ದುರುಗಮ್ಮನವರು ಚಿಪ್ಪಿನಲ್ಲಿ ಒಂದು ಗುಟುಕು ಕುಡಿದು ನೋಡಿದರು. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಮೊದಲನೇ ದಿನ ಆಫೀಸಿನಲ್ಲಿ ಮೇಲಿಂದ ಕೆಳಗೆ ನೋಡಿದ್ದರಲ್ಲ, ಹಾಗೆ.

"ಅದೇ ನೀರು ಸ್ವಾಮಿ" ಅಂದು ನಕ್ಕರು.

ಹೇಗೆ ಅದೇ ನೀರಾಗುತ್ತದೆ? ಒರತೆಯ ವಿಷಯದಲ್ಲಿ ಅವರ ಮಾತು ತಪ್ಪಿದ್ದನ್ನು ನಾನು ಇವತ್ತೇ ನೋಡಿದ್ದು. ಎದುರು ಮಾತಾಡದೆ ಎರಡನೇ ಕೊಡ ತುಂಬಿ ಹೆಗಲಿಗಿಟ್ಟುಕೊಂಡು, ಅವರ ಮನೆಯ ಬಾಗಿಲಿಗೆ ಇಳಿಸಿ ಬಂದೆ.